ಕಡೇ ಕಲ್ಲಿನ ನೀರು

ಯುಗಾದಿಯ ಮರುದಿನ ಬೆಳಿಗ್ಗೆ ತಾಯಪ್ಪ ತೂಬಿನ ಬೀಗದ ಕೈಯನ್ನು ಮಗ ಓಬಳೇಶನ ಅಂಗೈಯಲ್ಲಿಟ್ಟ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಅಲ್ಲಿಗೇ ನಿಂತಿತು. ಮಗಳು ಹೊನ್ನೂರಮ್ಮ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು.

"ಕೊಟ್ಟೇನಪ್ಪ?"

"ಕೊಟ್ಟೆ."

"ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ಲ?"

"ನಿನ್ನ ಕೇಳೋದೇನೈತಿ ಇದ್ರಾಗ? ನಮ್ಮಪ್ಪ ನನಗ ಕೊಟ್ಟ. ಅವರಪ್ಪ ಅವಗ ಕೊಟ್ಟಿದ್ದ. ನಾ ನನ್ನ ಮಗಗ ಕೊಟ್ಟೆ."

"ನಾಕು ವರ್ಷ ನೀರು ಬಿಟ್ಟಾಕಿ ಯಾರು?"

"ನನಗ ಕಣ್ಣು ಕಾಣಂಗಿಲ್ಲ, ನೀ ಕಣ್ಣಾಗಿ ಬಂದಿ. ಅದಕ್ಕ ಇಲ್ಲ ಅಂದೇನೇನು? ಕಣ್ಣಾಗಿ ಬರೋದು ಬ್ಯಾರೆ, ತೂಬಿಗೆ ಕೈ ಹಚ್ಚೋದು ಬ್ಯಾರೆ. ಹೆಣ್ಮಕ್ಕಳು ಹಚ್ಚಂಗಿಲ್ಲ. ಹಂಗ ಬಂದೈತಿ."

ಅದು ೧೯೭೯. ಕಂಪ್ಲಿಯಿಂದ ಆರು ಮೈಲಿ ದೂರದ ಆ ಊರಿನಲ್ಲಿ ಡ್ಯಾಮಿನ ನೀರಿಗೆ ಸರಕಾರದ ನೌಕರರಿದ್ದರು. ಡ್ಯಾಮಿಗಿಂತ ಬಹಳ ಹಿಂದೆ, ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಯ ಒಂದು ಕವಲು ಮಾತ್ರ ಊರವರ ಕೈಯಲ್ಲೇ ಉಳಿದಿತ್ತು. ಎರಡು ಮೈಲಿ ಉದ್ದ, ಅರವತ್ತು ಎಕರೆ, ಇಪ್ಪತ್ತೊಂದು ಮಂದಿ ರೈತರು. ಬೇಸಿಗೆಯಲ್ಲಿ ಎಂಟು ದಿನಕ್ಕೊಂದು ಪಾಳಿ. ಒಂದು ಪಾಳಿಗೆ ನಾಲ್ಕು ಹಗಲು ನೀರು. ಯಾರ ಹೊಲಕ್ಕೆ ಯಾವಾಗ ಎಂದು ನೋಡಿ ತೂಬು ಎತ್ತುವ, ಇಳಿಸುವ ಕೆಲಸ ನೀರಗಂಟಿಯದು. ಆ ಕೆಲಸ ತಾಯಪ್ಪನ ಮನೆತನದ್ದು. ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಭತ್ತ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬಾಳೆ ಬೆಳೆದು ಮಾಳಿಗೆ ಕಟ್ಟಿಸಿದವರೂ ನೀರಗಂಟಿ ಎದುರಾದರೆ ನಿಂತು ಮಾತಾಡಿಸುತ್ತಿದ್ದರು.

ತಾಯಪ್ಪನಿಗೆ ಅರವತ್ತಮೂರು ತುಂಬಿತ್ತು. ಎರಡೂ ಕಣ್ಣಿಗೆ ಪೊರೆ. ಹೊನ್ನೂರಮ್ಮ ಮೆಟ್ರಿ ಎಂಬ ಊರಿಗೆ ಮದುವೆಯಾಗಿ ಹೋಗಿದ್ದವಳು, ಗಂಡ ತೀರಿದ ಮೇಲೆ ೧೯೭೪ರಲ್ಲಿ ತವರಿಗೆ ಬಂದಿದ್ದಳು. ಮೊದಲ ವರ್ಷ ತಂದೆಯ ಕೈ ಹಿಡಿದು ಕಾಲುವೆ ದಂಡೆಯಲ್ಲಿ ನಡೆಸಿದಳು. ಆಮೇಲೆ ತಂದೆ ತೂಬಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಸಲಿಕೆ ಹೊತ್ತು ಎರಡು ಮೈಲಿ ತಿರುಗಿ ಬರುತ್ತಿದ್ದವಳು ಅವಳೊಬ್ಬಳೇ. ಇಷ್ಟು ವರ್ಷ ಓಬಳೇಶ ಕಬ್ಬಿನ ಲಾರಿಗಳ ಹಿಂದೆ ಹೊಸಪೇಟೆ, ಕಂಪ್ಲಿ ಎಂದು ತಿರುಗುತ್ತಿದ್ದ. ಕಾಲುವೆಯ ಮೇಲ್ಭಾಗದ ಸಾಹುಕಾರ ಮರುಳಸಿದ್ದಪ್ಪನ ಜೊತೆ ಪಾಲಿಗೆ ನಾಲ್ಕು ಎಕರೆ ಬಾಳೆ ಹಾಕಿದ ಮೇಲೆ ಅವನಿಗೆ ಕಾಲುವೆಯ ನೆನಪಾಗಿತ್ತು.

"ಹಂಗ ಬಂದೈತಿ ಅಂದ್ರ ಎಲ್ಲಿಂದ ಬಂದೈತಿ?" ಎಂದು ಕೇಳಿದವಳು ಮೂಲೆಯಲ್ಲಿ ಕೂತಿದ್ದ ಉಚ್ಚೆಂಗಮ್ಮ, ತಾಯಪ್ಪನ ತಾಯಿ. ಎಂಬತ್ತು ದಾಟಿದ ಜೀವ. "ನಿಮ್ಮಪ್ಪ ಎರಡು ವರ್ಷ ಹಾಸಿಗಿ ಹಿಡಿದಿದ್ದ. ಆವಾಗ ತೂಬು ಎತ್ತಿದಾಕಿ ನಾನು. ನೀ ನನ್ನ ಬೆನ್ನ ಮ್ಯಾಲಿದ್ದಿ."

"ಅದು ಆಪತ್ತಿಗೆ, ಬೇ."

"ನಿನಗ ಕಣ್ಣು ಹೋಗಿದ್ದು ಸಂಭ್ರಮಕ್ಕೇನು?"

ಓಬಳೇಶ ನಕ್ಕ. ತಾಯಪ್ಪ ನಗಲಿಲ್ಲ. "ಮನಿಗೊಬ್ಬ ಹಿರ್ಯಾ, ಕಾಲುವಿಗೊಬ್ಬ ನೀರಗಂಟಿ. ನಾ ಹೇಳಿದ ಮ್ಯಾಲ ಮುಗೀತು," ಎಂದು ಊಟಕ್ಕೆ ಕೂತ.

ಹೊನ್ನೂರಮ್ಮ ಒಳಗೆ ಹೋಗಿ ಉಳಿದ ರೊಟ್ಟಿ ಬಡಿದಳು. ಒಂದೊಂದು ಏಟಿಗೂ ಗೂಡಿನಲ್ಲಿಟ್ಟ ಡಬ್ಬಿಗಳು ಅದುರಿದವು. ತಾಯಿ ವಿರುಪಮ್ಮ, "ಸಾವಕಾಶ ಬಡಿಯೇ, ಹರದೀತು," ಎಂದಳು.

"ಹರೀಲಿ. ಹೆಂಚಿನ ಮ್ಯಾಲ ಕೈ ಇಡಾಕ ಅಪ್ಪಣಿ ಐತಲ್ಲ ನನಗ, ಇಲ್ಲ ಅದನ್ನೂ ಕೇಳ್ಬೇಕ?"

ಮೂರನೇ ದಿನ ಓಬಳೇಶ ಕಂಪ್ಲಿಗೆ ಹೋಗಿ ಒಂದು ಪಟ್ಟಿ ಟೈಪು ಮಾಡಿಸಿಕೊಂಡು ಬಂದ. ಎಕರೆಗೆ ನಲವತ್ತೈದು ನಿಮಿಷ, ಇಪ್ಪತ್ತೊಂದು ಹೆಸರು, ಪ್ರತಿ ಹೆಸರಿನ ಮುಂದೆ ದಿನ, ತಾಸು, ನಿಮಿಷ. ಮೊದಲ ಹೆಸರು ಮರುಳಸಿದ್ದಪ್ಪನದು. ಕೊನೆಯದು ಹುಲುಗಪ್ಪನದು, ಅವನ ಮೂರು ಎಕರೆ ಕಾಲುವೆಯ ತುದಿಯಲ್ಲಿ, ಊರವರು ಕಡೇ ಕಲ್ಲು ಎನ್ನುವ ಗಡಿಗಲ್ಲಿನ ಪಕ್ಕದಲ್ಲಿತ್ತು. ಪಟ್ಟಿಯ ಒಂದು ಪ್ರತಿ ಪಂಚಾಯ್ತಿ ಗೋಡೆಗೆ ಅಂಟಿತು. ಇನ್ನೊಂದನ್ನು ಓಬಳೇಶ ಊಟದ ಹೊತ್ತಿಗೆ ತಂದೆಗೆ ಓದಿ ಹೇಳಿದ.

ತಾಯಪ್ಪನ ತುತ್ತು ಕೈಯಲ್ಲೇ ಉಳಿಯಿತು. "ಮ್ಯಾಲಿಂದ ಹಚ್ಚಿಯಲ್ಲೋ. ಮೊದಲ ನೀರು ಕಡೇ ಕಲ್ಲಿಗೆ. ಕಲ್ಲು ನೆನೆದ ಮ್ಯಾಲ ಲೆಕ್ಕ ಶುರು. ತುದಿಯವರದು ಮುಗಿಯೋತನಕ ಮ್ಯಾಲಿನವರು ಮಡಿ ಒಡ್ದು ಹೊಲಕ್ಕ ನೀರು ತಗೊಳ್ಳಂಗಿಲ್ಲ."

"ಯಾಕ?"

"ಯಾಕ ಅಂದ್ರ? ಹಂಗ ಬಂದೈತಿ."

"ಅದು ಕಾರಣ ಅಲ್ಲಪ್ಪ. ನೀರು ಮ್ಯಾಲಿಂದ ಕೆಳಕ್ಕ ಹರೀತೈತಿ, ಪಾಳಿನೂ ಹಂಗ ಹರೀಲಿ. ಎಲ್ಲರಿಗೂ ಸಮ. ಇಲ್ಲಿ ಬರದೈತಿ ನೋಡು."

"ಸಮ ಅನ್ನೋದು ನಿನ್ನ ಕಾಗದದಾಗ. ನೆಲ ಸಮ ಇಲ್ಲಲೇ."

"ಹಂಗಾರ ಯಾಕ ಅಂತ ನೀನ ಹೇಳು."

ತಾಯಪ್ಪ ನಲವತ್ತು ವರ್ಷ ನೀರು ಬಿಟ್ಟಿದ್ದ. ಅಷ್ಟು ವರ್ಷದಲ್ಲಿ ಯಾರೂ ಕಾರಣ ಕೇಳಿರಲಿಲ್ಲ; ಅವನೂ ತನ್ನ ತಂದೆಯನ್ನು ಕೇಳಿರಲಿಲ್ಲ.

ವಿರುಪಮ್ಮ ಮಗಳ ಕಡೆ ನೋಡಿದಳು. "ನಿನಗ ಗೊತ್ತೈತಲ್ಲೇ, ಹೇಳು."

"ತೂಬಿನ ಮಾತು ಗಂಡಸರದು, ಯವ್ವ," ಎಂದು ಹೊನ್ನೂರಮ್ಮ ಪುಂಡಿಪಲ್ಯದ ಪಾತ್ರೆ ಎತ್ತಿಕೊಂಡು ಎದ್ದಳು. "ಕೇಳಿದ್ರ ಹೇಳ್ತಿದ್ದೆ. ಯಾರು ಕೇಳಿದ್ರು?"

ಯಾರೂ ಕೇಳಲಿಲ್ಲ. ಓಬಳೇಶನಿಗೆ ಬೇಕಿರಲಿಲ್ಲ. ತಾಯಪ್ಪ ಕೈ ತೊಳೆದು ಹೊರಗೆ ಹೋದ.

ಪಟ್ಟಿ ಊರಲ್ಲಿ ಹೆಸರು ಮಾಡಿತು. ಬೆಳಗಿನ ಹೊತ್ತು ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ ತಿನ್ನುತ್ತಾ ಹುಡುಗರು ತಮ್ಮ ತಮ್ಮ ನಿಮಿಷಗಳನ್ನು ಬಾಯಿಪಾಠ ಒಪ್ಪಿಸಿದರು. ಇನ್ನು ಮೇಲೆ ನೀರಗಂಟಿಗೆ ಕೈ ಮುಗಿಯಬೇಕಿಲ್ಲ, ಗಡಿಯಾರ ನೋಡಿದರೆ ಸಾಕು ಎಂದರು. ಹುಲುಗಪ್ಪನೂ ಮೊದಲು ಆಕ್ಷೇಪಿಸಲಿಲ್ಲ. ಎರಡೂಕಾಲು ತಾಸು ಎಂದು ಅಚ್ಚಿನಲ್ಲಿ ಬರೆದದ್ದು ಅವನಿಗೂ ಖುಷಿ ಕೊಟ್ಟಿತ್ತು.

ಮೊದಲ ಪಾಳಿಯಲ್ಲಿ ತುದಿಯ ಹೊಲಕ್ಕೆ ನೀರು ಸ್ವಲ್ಪ ಕಡಿಮೆ ಬಂತು. ಎರಡನೆಯದರಲ್ಲಿ ಅರ್ಧ ಬಂತು. ಹೊನ್ನೂರಮ್ಮ ಕಾಲುವೆಯ ಕಡೆ ಹೋಗುವುದನ್ನೇ ಬಿಟ್ಟಿದ್ದಳು. ಬಟ್ಟೆಯನ್ನೂ ಬಾವಿಯ ನೀರಲ್ಲಿ ಒಗೆದಳು. ತಾಯಪ್ಪ ದಿನಾ ಕೋಲೂರಿಕೊಂಡು ಒಬ್ಬನೇ ತೂಬಿನವರೆಗೆ ಹೋಗಿ ಬರುತ್ತಿದ್ದ. ಒಂದು ಸಲ ಮೊಣಕಾಲು ತರಚಿಕೊಂಡು ಬಂದ. ಅವಳು ಅರಿಶಿನ ಹಚ್ಚಿದಳು.

"ನಾಳೆ ಬರ್ತೀ ಏನು, ಕಾಲುವಿ ದಂಡಿ ತನಕ?" ಎಂದು ಅವನೇ ಕೇಳಿದ.

"ಮಗನ ಕರ್ಕೊಂಡು ಹೋಗು."

"ಅವ ಭಾಳ ಜಲ್ದಿ ನಡೀತಾನ."

"ನಡೀಲಿ. ನೀ ಹುಡುಕಿದ ನೀರಗಂಟಿ."

ಮೂರನೇ ಪಾಳಿ ಮುಗಿದ ಮರುದಿನ ಮಧ್ಯಾಹ್ನ ಹುಲುಗಪ್ಪ ಮನೆಗೆ ಬಂದ. ಕುಂದ್ರಿ ಎಂದರೂ ಕೂರಲಿಲ್ಲ. ಟವೆಲಿನಲ್ಲಿ ಕಟ್ಟಿ ತಂದಿದ್ದ ಭತ್ತದ ಬುಡಗಳನ್ನು ಪಡಸಾಲೆಯ ನಡುವೆ ಎಸೆದ. ತೆನೆ ಹೊರಡುವ ಹೊತ್ತಿನ ಪೈರು. ಎಲೆ ಸುರುಳಿಯಾಗಿತ್ತು, ಬೇರಿಗೆ ಅಂಟಿದ ಮಣ್ಣು ಹೆಂಚಿನ ಚೂರಿನಂತೆ ಗಟ್ಟಿಯಾಗಿತ್ತು.

"ತಾಯಪ್ಪಣ್ಣ, ಕಣ್ಣು ಕಾಣದಿದ್ರ ಕೈಲಿ ಮುಟ್ಟಿ ನೋಡು."

ತಾಯಪ್ಪ ಮುಟ್ಟಿ ನೋಡಿದ. ಓಬಳೇಶ ಒಳಗಿನಿಂದ ಪಟ್ಟಿ ತಂದ.

"ಕಾಕಾ, ನಿಂದು ಎರಡೂಕಾಲು ತಾಸು. ನಿನ್ನೆ ಮೂರೂವರಿಗೆ ಬಿಟ್ಟೀನಿ, ಐದೂಮುಕ್ಕಾಲಿಗೆ ನಿಲ್ಸೀನಿ. ಒಂದು ನಿಮಿಷ ಕಮ್ಮಿ ಇಲ್ಲ."

"ನಿನ್ನ ಗಡಿಯಾರಕ್ಕ ಕಮ್ಮಿ ಇಲ್ಲಪ್ಪ. ನನ್ನ ಹೊಲಕ್ಕ ಮಕ್ಕಳು ಉಚ್ಚಿ ಹೊಯ್ದಷ್ಟು ಬಂತು."

"ಅದಕ್ಕ ನಾ ಏನು ಮಾಡ್ಲಿ? ನೀರು ಬಿಡೋದು ನನ್ನ ಕೆಲಸ. ಹೊತ್ಕೊಂಡು ಬಂದು ಹಾಕ್ಬೇಕೇನು?"

"ಹಾಕು. ನಿಮ್ಮ ಮನಿ ಗುಮ್ಮಿ ತುಂಬಿದ್ದು ನಮ್ಮ ಕಣದ ಭತ್ತದಿಂದ."

ಓಬಳೇಶ ಮುಂದೆ ಬಂದ. ಹುಲುಗಪ್ಪನೂ ಬಂದ. ಇಬ್ಬರ ನಡುವೆ ವಿರುಪಮ್ಮ ಕಸಬರಿಗೆ ಹಿಡಿದೇ ನಿಂತಳು. ಆಗ ಹೊನ್ನೂರಮ್ಮ ಬಾಗಿಲಿಂದ ಹೇಳಿದಳು:

"ಕಾಲುವಿ ಕಸ ಯಾರು ಕಿತ್ತಾರ, ಅಣ್ಣ, ಈ ಮೂರು ಪಾಳಿಯಾಗ?"

"ಯಾರು ಕೀಳ್ಬೇಕು?"

"ಏಡಿ ತೂತು ಯಾರು ಮುಚ್ಯಾರ?"

ಓಬಳೇಶ ಪಟ್ಟಿ ಮಡಚಿದ.

"ಮೊದಲ ನೀರು ತುದಿಗೆ ಅಂತ ಇದ್ದಾಗ ಮರುಳಸಿದ್ದಪ್ಪ ಸಾವ್ಕಾರ್ರು ಪಾಳಿ ಹಿಂದಿನ ದಿನ ಆಳು ಹಚ್ಚಿ ಎರಡು ಮೈಲಿ ಕಸ ಕೀಳಿಸ್ತಿದ್ರು. ತೂತು ಹುಡುಕಿ ಮಣ್ಣು ಮೆತ್ತಿಸ್ತಿದ್ರು. ಪುಣ್ಯಕ್ಕಲ್ಲ. ಕಡೇ ಕಲ್ಲು ಜಲ್ದಿ ನೆನೀಲಿಲ್ಲ ಅಂದ್ರ ಅವರ ಬಾಳಿಗೆ ನೀರು ತಡ ಆಕ್ಕಿತ್ತು. ಈಗ ಅವರದು ಮೊದ್ಲ ದಿನಾನ ಮುಗೀತು. ಇನ್ನು ಕಾಲುವಿ ತುಂಬಿದ್ರೇನು, ಒಡದ್ರೇನು? ನಿಮ್ಮಿಬ್ಬರ ಬಾಳಿ ತೋಟದ ಬಾಜೂಕ್ಕ ದಂಡ್ಯಾಗ ಎಷ್ಟು ತೂತು ಅದಾವ, ಹೋಗಿ ಎಣಿಸ್ಕೊಂಡು ಬಾ. ತುದಿಯವರ ತಾಸಿನ ನೀರು ಆ ತೂತಿನಾಗ ಹೋಗಿ ನಿಮ್ಮ ಬಾಳಿ ಬುಡಕ್ಕ ಕುಂದ್ರತೈತಿ."

ತಾಯಪ್ಪ ಪೈರಿನ ಬುಡವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ.

"ಇದು ನಿನಗ ಯಾರು ಹೇಳಿದ್ರು?" ಎಂದ.

"ಯಾರೂ ಹೇಳಲಿಲ್ಲ. ದಿನಾ ತಿರುಗಿದ್ರ ತಿಳೀತೈತಿ."

ಹುಲುಗಪ್ಪ ಅವಳನ್ನು ಒಂದು ಗಳಿಗೆ ನೋಡಿ, ಟವೆಲು ಕೊಡವಿಕೊಂಡು ಹೋದ.

ಅಂದು ಸಂಜೆ ಅನ್ನದ ಮುಂದೆ ತಂದೆ ಮಗ ಮತ್ತೆ ಹತ್ತಿಕೊಂಡರು. ಬರುವ ಪಾಳಿ ತುದಿಯಿಂದ ಶುರುವಾಗಬೇಕು ಎಂದು ತಾಯಪ್ಪ ಹೇಳಿದ. ಆಗುವುದಿಲ್ಲ ಎಂದು ಓಬಳೇಶ ಹೇಳಿದ. ಸಾಹುಕಾರರಿಗೆ ಮಾತು ಕೊಟ್ಟಾಗಿದೆ, ಬಾಳೆ ಗೊನೆ ಬಿಡುವ ಹೊತ್ತು.

"ನಾ ಹೇಳ್ತೀನಿ, ನಿಮ್ಮಪ್ಪ. ಹಳೇ ಪದ್ಧತಿ ಪ್ರಕಾರ ಬಿಡು."

"ಯಾವ ಹಳೇ ಪದ್ಧತಿ? ನಿನಗ ಬೇಕಾದ ಅರ್ಧ ಏನು?" ಓಬಳೇಶ ಗಂಗಾಳ ಪಕ್ಕಕ್ಕೆ ತಳ್ಳಿದ. "ಮಗ ಇದ್ದಾಗ ಮಗಳಿಗಿಲ್ಲ ಅಂದಾಂವ ನೀನು. ಒಮ್ಮೆ ಕೊಟ್ಟ ಬೀಗದಕೈ ನೀರಗಂಟಿ ತಾನಾಗಿ ಕೊಡೋತನಕ ಅವನ ಹತ್ರನ ಅಂದಾಂವ ನೀನು. ಅದೂ ಹಳೇ ಪದ್ಧತಿನ. ನೀರಿನ ಪದ್ಧತಿ ಬೇಕಂದ್ರ ನನ್ನ ತೆಗೀಬೇಕು. ನನ್ನ ತೆಗದ್ರ ಆ ಪದ್ಧತಿ ಮುರೀತೈತಿ. ಯಾವುದು ಬೇಕು ಆರಿಸ್ಕೊ."

"ಮಾತು ಕಲ್ತೀಯಲೇ, ಹೊಸಪೇಟಿಯಾಗ."

"ನಿನ್ನ ಹತ್ರಾನ ಕಲ್ತಿದ್ದು."

ತಾಯಪ್ಪ ಮಜ್ಜಿಗೆಯ ಚೆಂಬು ಎತ್ತಿ ಗೋಡೆಗೆ ಹೊಡೆದ. ಮಗನಿಗೆ ಹೊಡೆಯಬೇಕೆಂದಿದ್ದನೋ ಗೋಡೆಗೇ ಹೊಡೆದನೋ, ಅವನ ಕಣ್ಣಿಗೆ ಎರಡೂ ಒಂದೇ. ವಿರುಪಮ್ಮ ಬಂದು ಗಂಡನ ಗಂಗಾಳವನ್ನೇ ಎತ್ತಿದಳು.

"ಉಣ್ಣೋದು ಮುಗೀತೇನು? ಮುಗೀದಿದ್ರೂ ಮುಗೀತು. ಮೂವತ್ತಾರು ವರ್ಷ ನಿಮಗ ಎದುರಾಡಿಲ್ಲ ನಾನು. ಈ ಮನಿಯಾಗ ಅನ್ನ ಐತಂದ್ರ ಆ ತುದಿಯವರ ಕಣದಿಂದ ಬಂದಿದ್ದು. ನಾಳೆ ಹುಲುಗಪ್ಪನ ಹೆಂಡ್ತಿ ಮುಖ ಹ್ಯಾಂಗ ನೋಡ್ಲಿ ನಾನು? ಮಗ ದೊಡ್ಡಾಂವೋ ಮಗಳು ದೊಡ್ಡಾಕ್ಯೋ ನಿಮ್ಮ ಪಂಚಾಯ್ತಿ ನಿಮಗಿರಲಿ. ಆ ನೀರು ಬರೋತನ ನಿಮಗ ನಾ ಬಡಸಂಗಿಲ್ಲ."

ಬಡಿಸಲೂ ಇಲ್ಲ. ಮೂರು ದಿನ ತಾಯಪ್ಪ ತಾಯಿಯ ಪಕ್ಕ ಕೂತು, ಆಕೆ ಮುರಿದು ಕೊಟ್ಟ ಜೋಳದ ರೊಟ್ಟಿ ತಿಂದ. ಉಚ್ಚೆಂಗಮ್ಮ ಕೊಡುವಾಗಲೂ ಬಿಡುತ್ತಿರಲಿಲ್ಲ.

"ಹಿರೇರು ಹಿರೇರು ಅಂತಿ. ಹಿರ್ಯಾಕಿ ನಿನ್ನ ಮುಂದ ಕುಂತೀನಿ. ನನ್ನ ಕೇಳಿದೇನು?"

"ನೀ ಏನಂತಿ ಅಂತ ಗೊತ್ತಿತ್ತು."

"ಗೊತ್ತಿತ್ತು, ಅದಕ್ಕ ಕೇಳಲಿಲ್ಲ. ನೀರು ಉಳಿಸೋ ಸಲುವಾಗಿ ಮಾಡಿದ್ದಲೇ ಎಲ್ಲಾನೂ. ನೀರ ಹೋದ ಮ್ಯಾಲ ಗಂಡಸಿನ ಕೈಯಾಗ ಬೀಗದಕೈ ಇದ್ದು ಏನು ಮಾಡ್ತೈತಿ?"

ಮೂರನೆಯ ದಿನ, ಪಾಳಿಯ ಹಿಂದಿನ ಸಂಜೆ, ತಾಯಪ್ಪ ಅಡುಗೆಮನೆಯ ಹೊಸ್ತಿಲಿಗೆ ಬಂದ. ಹೊನ್ನೂರಮ್ಮ ಶೇಂಗಾ ಹುರಿಯುತ್ತಿದ್ದಳು.

"ನಾಳೆ ಅವನ ಕೈಯಿಂದ ಬೀಗದಕೈ ಇಸ್ಕೊಂತೀನಿ. ನೀ ಬಂದು ನೀರು ಬಿಡು. ಹೆಸರು ನಂದ ಇರಲಿ, ಮೊದ್ಲಿನಂಗ."

"ಆಗಂಗಿಲ್ಲ."

"ಅಲ್ಲಿ ಪೈರು ಒಣಗತೈತಿ, ನೀ ಇಲ್ಲಿ ಹೆಸರಿಗೆ ಕುಂತೀ?"

"ಹೆಸರಿಗೆ ಕುಂತಾಂವ ನೀನಪ್ಪ. ನಾಳೆ ಸಾವ್ಕಾರ್ರು ಮಡಿ ಒಡದ್ರ ನಾ ಮುಚ್ಚು ಅಂದ್ರ ಮುಚ್ತಾರೇನು? ನೀ ಯಾರಬೇ ಅಂತ ಕೇಳ್ತಾರ. ನಾಕು ವರ್ಷ ಕೇಳ್ಯಾರ. ಆವಾಗೆಲ್ಲ ಓಡಿ ಬಂದು ನಿನ್ನ ಕರ್ಕೊಂಡು ಹೋಗೀನಿ. ನೀ ಹೋಗೋದ್ರಾಗ ಅರ್ಧ ತಾಸಿನ ನೀರು ಹೋಗಿರತಿತ್ತು. ತೂಬಿನ ಹತ್ರ, ಎಲ್ಲರ ಮುಂದ, ಬಾಯಿಬಿಟ್ಟು ಹೇಳು. ಹೇಳಿದ್ರ ಬರ್ತೀನಿ."

ತಾಯಪ್ಪ ತಿರುಗಿದ. ಹೊಸ್ತಿಲು ಎಡವಿದ. ಅವಳು ಏಳಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ತೂಬಿನ ಹತ್ತಿರ ಹನ್ನೆರಡು ಮಂದಿ ಸೇರಿದ್ದರು. ಮರುಳಸಿದ್ದಪ್ಪ ಆಳುಗಳೊಂದಿಗೆ ಬಂದಿದ್ದ. ಓಬಳೇಶ ಗಡಿಯಾರ ನೋಡುತ್ತಿದ್ದ. ಕೋಲೂರಿಕೊಂಡು ಬಂದ ತಾಯಪ್ಪ ಮಗನ ಮುಂದೆ ಕೈ ಚಾಚಿದ.

"ಕೊಡು."

"ಕೊಡಂಗಿಲ್ಲ."

"ಕೊಡದಿದ್ರ ಈ ತೂಬಿನ ಮ್ಯಾಲ ಮಲಗ್ತೀನಿ. ನನ್ನ ಮ್ಯಾಲ ಹಾದು ಎತ್ತು."

ಓಬಳೇಶ ಸುತ್ತ ನೋಡಿದ. ಪಟ್ಟಿ ಹೊಗಳಿದ್ದ ಹುಡುಗರು ಬೇರೆ ಕಡೆ ನೋಡುತ್ತಿದ್ದರು. ಅವನು ಬೀಗದ ಕೈಯನ್ನು ತಂದೆಯ ಕೈಗೆ ಕೊಡಲಿಲ್ಲ, ನೆಲಕ್ಕೆ ಎಸೆದ. "ಇವತ್ತಿಗೆ ನನ್ನ ಒಲಿ ಬ್ಯಾರೆ," ಎಂದು ಸೈಕಲ್ ಹತ್ತಿ ಕಂಪ್ಲಿಯ ದಾರಿ ಹಿಡಿದ.

ತಾಯಪ್ಪ ಬಗ್ಗಿ ಮಣ್ಣಿನಲ್ಲಿ ತಡಕಾಡಿದ. ಯಾರೋ ಎತ್ತಿಕೊಡಲು ಬಂದಾಗ ಬೇಡ ಎಂದ. ಸಿಕ್ಕ ಮೇಲೆ, ದೂರ ನಿಂತಿದ್ದ ಮಗಳ ಕಡೆಗೆ ಅಂದಾಜಿನ ಮೇಲೆ ತಿರುಗಿ, ಮಂದಿಗೆ ಹೇಳಿದ:

"ಇನ್ನು ಮ್ಯಾಲ ನೀರಿನ ಮಾತು ನಮ್ಮ ಹೊನ್ನೂರಮ್ಮನ ಹತ್ರ ಆಡ್ರಿ. ಅಕೀನ ನೀರಗಂಟಿ. ನನಗ ಇದು ಸೇರಿಲ್ಲ. ಸೇರೂದೂ ಇಲ್ಲ. ಆದ್ರೂ ಅಕಿ ಹತ್ರನ ಆಡ್ರಿ."

"ಹೆಣ್ಮಗಳು ಪಾಳಿ ಹೇಳೋದು, ನಾವು ಕೇಳೋದೇನು ತಾಯಪ್ಪ?" ಎಂದ ಮರುಳಸಿದ್ದಪ್ಪ.

"ನನಗ ಹೇಳಬ್ಯಾಡ್ರಿ ಸಾವ್ಕಾರ್ರ. ಅಕಿಗೆ ಹೇಳ್ರಿ."

ಹೊನ್ನೂರಮ್ಮ ಬಂದು ಬೀಗ ತೆಗೆದಳು. ಹಲಗೆ ಎತ್ತುವ ಮೊದಲು ಸಾಹುಕಾರನಿಗೆ ಹೇಳಿದಳು: "ಪಾಳಿ ತುದಿಯಿಂದ ರೀ. ನಿಮ್ಮದು ನಾಕನೇ ದಿನ. ನಿಮ್ಮ ಬಾಜೂಕ್ಕ ಹನ್ನೊಂದು ತೂತು ಅದಾವ, ನಿನ್ನೆ ಎಣಿಸೀನಿ. ಆಳು ಹ್ಯಾಂಗೂ ಬಂದಾರ. ಮುಚ್ಚಿದ ಮ್ಯಾಲ ಹಲಗಿ ಎತ್ತತೀನಿ. ಎಷ್ಟು ತಡ ಮಾಡ್ತೀರೋ ಅಷ್ಟು ತಡ ನಿಮ್ಮ ಬಾಳಿಗೆ."

ಮರುಳಸಿದ್ದಪ್ಪ ಏನೋ ಗೊಣಗಿದ. ಆಮೇಲೆ ಆಳುಗಳಿಗೆ ಇಳಿಯಿರಿ ಎಂದ.

ಎಂಟೂವರೆಗೆ ಹಲಗೆ ಎದ್ದಿತು. ಹೊನ್ನೂರಮ್ಮ ಸಲಿಕೆ ಹೊತ್ತು ನೀರಿನ ಜೊತೆ ನಡೆದಳು. ದಾರಿಯಲ್ಲಿ ಮೂರು ಕಡೆ ನಿಂತು ಜೊಂಡು ಕಿತ್ತಳು. ಕಡೇ ಕಲ್ಲು ನೆನೆಯುವ ಹೊತ್ತಿಗೆ ಹತ್ತು ದಾಟಿತ್ತು. ಹುಲುಗಪ್ಪ ಬದುವಿನ ಮೇಲೆ ಕೂತಿದ್ದ. ಎದ್ದು ಬರಲಿಲ್ಲ.

"ಕಾಕಾ, ನೀರು ಬಂತು."

"ಕಾಣ್ತೈತಿ." ಅವನು ಹೊಲದ ಕಡೆ ನೋಡುತ್ತಲೇ ಮಾತಾಡಿದ. "ನಿನಗ ಮೊದ್ಲ ಗೊತ್ತಿತ್ತು ಅಂತಲ್ಲ, ಈ ತೂತಿನ ಮಾತು."

"ಗೊತ್ತಿತ್ತು."

"ಮೂರು ಪಾಳಿ ಸುಮ್ಮನಿದ್ದಿ."

"ಯಾರೂ ಕೇಳಲಿಲ್ಲ, ಕಾಕಾ. ನನಗ ಸಿಟ್ಟಿತ್ತು."

"ನಿಮ್ಮಪ್ಪನ ಮ್ಯಾಲ ಸಿಟ್ಟು ಮಾಡ್ಬೇಕಿತ್ತು. ನನ್ನ ಭತ್ತ ನಿನಗೇನು ಮಾಡಿತ್ತು?"

ಹೊನ್ನೂರಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿ ಕಾಲುವೆಗೆ ಇಳಿದಳು. ಬಲಗಡೆಯ ಮಡಿಯ ಬದುವಿಗೆ ಸಲಿಕೆ ಹಾಕಿದಳು.

"ಅದಕ್ಕ ಬ್ಯಾಡ," ಎಂದ ಹುಲುಗಪ್ಪ. "ಅದು ಸತ್ತೈತಿ. ಈ ಕಡೀದಕ್ಕ ಬಿಡು."